ಜಿಪ್ಪಣ್ಣನ ವಂಶ

ಬಸ್ ನಿಲ್ದಾಣದ ಎದುರಿಗೆ ಒಂದು ಹಳೆಯ ಮಳಿಗೆ ಕಟ್ಟಡ. ಅದರ ಮೆಟ್ಟಿಲುಗಳ ಅಡಿಯಲ್ಲಿ, ಏನು ಮಾಡಬೇಕೆಂದು ತೋಚದೆ ಕಟ್ಟಿದವರು ಹಾಗೇ ಬಿಟ್ಟುಹೋದ ಒಂದು ಓರೆ ಮೂಲೆ. ನೆಟ್ಟಗೆ ನಿಂತರೆ ಹಣೆಗೆ ಕಾಂಕ್ರೀಟು ತಾಗುತ್ತದೆ. ಹತ್ತುವವರ, ಇಳಿಯುವವರ ಚಪ್ಪಲಿ ಸದ್ದೆಲ್ಲ ನೆತ್ತಿಯ ಮೇಲೇ. ಅಲ್ಲಿ ಕೂತು ಜಿಪ್ ರಿಪೇರಿ ಮಾಡುವ ಮನುಷ್ಯನನ್ನು ಬೀದಿಯೆಲ್ಲ ಜಿಪ್ಪಣ್ಣ ಎಂದೇ ಕರೆಯುತ್ತದೆ. ಶಾಲೆಯ ಚೀಲ, ಆಫೀಸಿನ ಬ್ಯಾಗು, ಪ್ರಯಾಣ ಹೊರಟವರ ಸೂಟ್‌ಕೇಸು, ಚಳಿಯ ಕೋಟು, ಒಮ್ಮೆ ಯಾರೋ ಮೈಮೇಲೆ ಹಾಕಿಕೊಂಡೇ ಓಡಿಬಂದ ಪ್ಯಾಂಟು, ಎಲ್ಲಕ್ಕೂ ಅವನದು ಒಂದೇ ತೀರ್ಪು: "ಜಿಪ್ ಕೆಟ್ಟಿಲ್ಲ, ರನ್ನರ್ ಸೋತಿದೆ ಅಷ್ಟೇ."

ರನ್ನರ್ ಎಂದರೆ ಹಲ್ಲುಗಳ ಮೇಲೆ ಜಾರುವ ಆ ಪುಟ್ಟ ಲೋಹದ ತುಂಡು. ಎಳೆದೆಳೆದು ಅದರ ಬಾಯಿ ಅಗಲವಾಗುತ್ತದೆ, ಹಲ್ಲಿಗೆ ಹಲ್ಲು ಕಚ್ಚಿಸುವ ಬಿಗಿ ಹೋಗುತ್ತದೆ. ಜಿಪ್ಪಣ್ಣ ಇಕ್ಕಳದಲ್ಲಿ ಅದರ ಎರಡು ಕೆನ್ನೆಯನ್ನೂ ಹದವಾಗಿ ಒತ್ತುತ್ತಾನೆ, ಮೇಣದ ಬತ್ತಿಯ ತುಂಡನ್ನು ಹಲ್ಲಿಗೆ ಉಜ್ಜುತ್ತಾನೆ, ಒಮ್ಮೆ ಮೇಲೆ ಒಮ್ಮೆ ಕೆಳಗೆ ಎಳೆದು ಕಿವಿಗೊಟ್ಟು ಕೇಳುತ್ತಾನೆ. ಮುಗಿಯಿತು. ಹೊಸದು ಕೊಳ್ಳಲು ಹೊರಟವರು ಹಳೆಯದನ್ನೇ ಹೆಗಲಿಗೇರಿಸಿಕೊಂಡು ಹೋಗುತ್ತಾರೆ. ಕೆಟ್ಟದ್ದನ್ನು ಎಸೆ, ಹೊಸದನ್ನು ತಾ ಎಂದು ಬೆಳಗಿನಿಂದ ಕಿವಿಯಲ್ಲಿ ಊದುವ ಪೇಟೆಯ ನಟ್ಟನಡುವೆ ಇಂಥವನೊಬ್ಬ ಮೆಟ್ಟಿಲ ಕೆಳಗೆ ಅವಿತು ಕೂತಿದ್ದಾನೆ ಎಂಬುದೇ ನನಗೊಂದು ಸಮಾಧಾನ.

ಅದೇ ಮೆಟ್ಟಿಲು ಹತ್ತಿದರೆ ಮೇಲೆ ಚಪ್ಪಲಿ ಅಂಗಡಿ. ಅಲ್ಲಿ ಗಿರಾಕಿಗಳ ಕಾಲಿಗೆ ಅಳತೆ ನೋಡುವ ಹುಡುಗಿ ಅವನ ಮಗಳು. ಚಿಕ್ಕವಳಿದ್ದಾಗ ಅಪ್ಪನ ಡಬ್ಬಿಯ ಪಿನ್ನುಗಳನ್ನೆಲ್ಲ ಫ್ರಾಕಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳಂತೆ, ಅಂದಿನಿಂದ ಪಿನ್ನು. ಮಾತೂ ಹಾಗೇ, ಚುಚ್ಚದೆ ಮುಗಿಯುವುದಿಲ್ಲ. ಬೆಳಗ್ಗೆ ಕೆಲಸಕ್ಕೆ ಹತ್ತುವಾಗ ಅಪ್ಪನ ನೆತ್ತಿಯ ನೇರಕ್ಕಿರುವ ಮೆಟ್ಟಿಲಿಗೆ ಹಿಮ್ಮಡಿಯಿಂದ ಟಕ್ ಟಕ್ ಎಂದು ಬಡಿಯುತ್ತಾಳೆ. ಕೆಳಗಿನಿಂದ ಅವನು ಇಕ್ಕಳದಲ್ಲಿ ಟಕ್ ಎನ್ನುತ್ತಾನೆ. ಅಪ್ಪ ಮಗಳ ಫೋನು ಅದು.

"ನಿನ್ನ ಮೂಗು ಮಗಳಿಗೆ ಬರಲೇ ಇಲ್ವಲ್ಲೋ ಜಿಪ್ಪಣ್ಣ," ಎಂದು ಪಕ್ಕದ ಬೀಗದಂಗಡಿಯವನು ಆಗಾಗ ರೇಗಿಸುವುದುಂಟು. ಜಿಪ್ಪಣ್ಣನ ಮೂಗು ಸಾಮಾನ್ಯದ್ದಲ್ಲ, ಮುಖಕ್ಕಿಂತ ಮೊದಲು ಬರುವಂಥದ್ದು.

"ಬಚಾವಾದ್ಲು ಬಿಡು," ಎನ್ನುತ್ತಿದ್ದ ಅವನು. "ಅವಳು ತಾಯಿ ಥರ."

ಕೆಮ್ಮು ಶುರುವಾದಾಗ ಹಳೇ ಬ್ಯಾಗುಗಳ ಧೂಳು ಎಂದ. ಸಂಜೆ ಹೊತ್ತು ಮೈ ಬಿಸಿಯಾದಾಗ ಸೆಕೆ ಎಂದ. ಬೆಲ್ಟಿಗೆ ಹೊಸ ತೂತು ಕೊರೆದುಕೊಳ್ಳಬೇಕಾಗಿ ಬಂದಾಗ ಮಾತ್ರ ಹೇಳಲು ಏನೂ ಸಿಗಲಿಲ್ಲ. ಪಿನ್ನು ರಟ್ಟೆ ಹಿಡಿದು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು. ಕಫ ನೋಡಿದರು, ಎದೆಯ ಚಿತ್ರ ತೆಗೆದರು, ಕ್ಷಯ ಎಂದರು, ಗುಳಿಗೆ ಕೊಟ್ಟರು. ಗುಳಿಗೆ ನುಂಗಿದ ಮೊದಲ ದಿನವೇ ಬಚ್ಚಲಿನಿಂದ ಮುಖ ಬಿಳಿಚಿಕೊಂಡು ಹೊರಬಂದ.

"ಪಿನ್ನೂ, ರಕ್ತ ಹೋಗ್ತಿದೆ ಕಣೇ!"

"ರಕ್ತ ಅಲ್ಲ ಅಪ್ಪ, ಗುಳಿಗೆ ಬಣ್ಣ. ಉಚ್ಚೆ ಕಿತ್ತಳೆ ಆಗುತ್ತೆ, ಬೆವರು, ಕಣ್ಣೀರು ಕೂಡ ಆಗಬಹುದು, ಹೆದರಬೇಡಿ ಅಂತ ಡಾಕ್ಟರಮ್ಮ ಅಷ್ಟು ಹೊತ್ತು ಹೇಳಿದ್ರಲ್ಲ. ನೀನು ಏನು ಮಾಡ್ತಿದ್ದೆ?"

"ಅವರ ಬ್ಯಾಗಿನ ಜಿಪ್ ನೋಡ್ತಿದ್ದೆ," ಎಂದ ಜಿಪ್ಪಣ್ಣ. "ರನ್ನರ್ ಸೋತಿತ್ತು."

ಗುಳಿಗೆ ಸರಿಯಾಗಿ ನುಂಗುತ್ತಾ ಹೋದರೆ ಕೆಲವೇ ವಾರಗಳಲ್ಲಿ ಈ ಕಾಯಿಲೆ ಹರಡುವುದು ಸಾಮಾನ್ಯವಾಗಿ ನಿಲ್ಲುತ್ತದೆ. ಆಸ್ಪತ್ರೆಯ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆದಿದೆ. ಆದರೆ ಅದನ್ನು ಓದುವವರು ರೋಗಿಗಳು ಮಾತ್ರ. ರೋಗಿಗಳನ್ನು ಕಂಡು ಮೂಗು ಮುಚ್ಚುವವರು ಆ ಗೋಡೆಯ ಹತ್ತಿರವೂ ಸುಳಿಯುವುದಿಲ್ಲ. ಜಿಪ್ಪಣ್ಣನಿದ್ದ ವಠಾರದ ಯಜಮಾನ, ವಿದ್ಯಾವಂತ, ಒಂದು ಬೆಳಗ್ಗೆ ಬಂದು ನಲ್ಲಿ ಮುಟ್ಟಬೇಡಿ, ಬೇರೆ ಕಡೆ ನೀರು ಹಿಡಿಯಿರಿ ಎಂದ. ಕ್ಷಯ ನಲ್ಲಿಯಿಂದ ಹರಡುವುದಿಲ್ಲ ಎಂದು ಅವನಿಗೆ ಯಾರು ಹೇಳಬೇಕು? ಹೇಳಿದ್ದು ಪಿನ್ನು. ಏನು ಹೇಳಿದಳೋ, ಯಜಮಾನ ಆ ಮೇಲೆ ನಲ್ಲಿಯ ಸುದ್ದಿ ಎತ್ತಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಮುಂದಿನ ಸಲ ಗುಳಿಗೆಗೆಂದು ಒಬ್ಬನೇ ಹೋದ ಜಿಪ್ಪಣ್ಣನಿಗೆ ಡಾಕ್ಟರು ಇನ್ನೊಂದು ಮಾತು ಹೇಳಿ ಕಳಿಸಿದರು: "ಮನೇಲಿ ಜೊತೆಗಿರೋದು ಮಗಳೊಬ್ಬಳೇ ತಾನೆ? ಅವಳನ್ನೂ ಕರ್ಕೊಂಡು ಬನ್ನಿ. ಇಲ್ಲೇ ಆಸ್ಪತ್ರೆ ಓಣಿ ಕೊನೇ ಕೋಣೇಲಿ ಇಬ್ಬರೂ ರಕ್ತ ಕೊಡಿ. ಕ್ರಿಮಿ ಒಳಗೆ ಸೇರಿ ಸುಮ್ಮನೆ ಮಲಗಿದ್ಯೋ, ಏಳೋ ಹಂತದಲ್ಲಿದ್ಯೋ ಅಂತ ರಕ್ತ ನೋಡಿ ಮೊದಲೇ ತಿಳಿಯೋದಕ್ಕೆ ಆಗುತ್ತಾ ಅಂತ ಪರೀಕ್ಷೆ ಮಾಡ್ತಿದಾರೆ."

ಜಿಪ್ಪಣ್ಣ ಅದೇ ದಿನ ಕೋಣೆ ಎಲ್ಲಿದೆ ಎಂದು ನೋಡಿಬರಲು ಹೋದ. ಬಾಗಿಲ ಮೇಲೆ ಬೋರ್ಡು: ವಂಶವಾಹಿ ಚಟುವಟಿಕೆ ಅಧ್ಯಯನ ಕೊಠಡಿ.

ಹೊರಗಿನ ಬೆಂಚಿನ ಮೇಲೆ ಕನ್ನಡಕ ಮರೆತು ಬಂದ ಮುದುಕರೊಬ್ಬರು, ಹಿಂದೆ ಬಸ್ಸು ಓಡಿಸುತ್ತಿದ್ದವರು, ಅದನ್ನೇ ಒಂದೊಂದಕ್ಷರ ಕೂಡಿಸಿ ಓದುತ್ತಿದ್ದರು. "ವಂಶ... ವಾಹಿ... ಚಟ..." ಅಲ್ಲಿಗೆ ಬ್ರೇಕು ಹಾಕಿದರು. "ಯಾರ್ರೀ ಇದನ್ನ ಬರೆಸಿದ್ದು? ನಮ್ಮ ವಂಶದಲ್ಲಿ ಯಾರಿಗೂ ಯಾವ ಚಟಾನೂ ಇಲ್ಲ!"

"ಚಟ ಅಲ್ಲ ಕಣ್ರೀ, ಚಟುವಟಿಕೆ," ಎಂದರು ಅವರ ಹೆಂಡತಿ.

"ವಂಶದಲ್ಲಿ ಎಂಥ ಚಟುವಟಿಕೆ ಕಣೇ? ಅದೆಲ್ಲ ನಿಂತು ಎಷ್ಟು ವರ್ಷ ಆಯ್ತು!"

ಓಣಿಯೆಲ್ಲ ನಕ್ಕಿತು. ಜಿಪ್ಪಣ್ಣನೂ ನಕ್ಕ, ನಕ್ಕು ಕೆಮ್ಮಿದ. ಮೂಲೆಯಲ್ಲಿದ್ದ ಹೆಂಗಸೊಬ್ಬಳು ದನಿ ತಗ್ಗಿಸಿದಳು. "ನಗಬೇಡಿ. ಇಲ್ಲಿ ರಕ್ತ ಕೊಟ್ರೆ ಯಾರ ಮಗು ಯಾರದ್ದು ಅಂತ ಎಲ್ಲ ಆಚೆ ಬರುತ್ತಂತೆ. ನಮ್ಮ ಬೀದಿಯವರೊಬ್ಬರು ಅದಕ್ಕೇ ಬಾಗಿಲ ತನಕ ಬಂದು ವಾಪಸ್ ಹೋದ್ರು."

ಜಿಪ್ಪಣ್ಣನ ನಗು ಅಲ್ಲೇ ನಿಂತಿತು.

ಏಕೆಂದರೆ ಅವನಿಗೆ ಮದುವೆಯೇ ಆಗಿರಲಿಲ್ಲ. ಮೆಟ್ಟಿಲ ಕೆಳಗೆ ಬರುವ ಮೊದಲು ಅವನು ಬ್ಯಾಗು ಹೊಲಿಯುವ ಕಾರ್ಖಾನೆಯೊಂದರಲ್ಲಿದ್ದ. ಪಕ್ಕದ ಯಂತ್ರದಲ್ಲಿ ಒಬ್ಬ ಹೆಂಗಸು ಕೂರುತ್ತಿದ್ದಳು. ಚಾಕ್ ಗೆರೆ ಇಲ್ಲದೆ ನೇರ ಹೊಲಿಯುವವಳು, ಶ್ರುತಿಯಿಲ್ಲದೆ ಹಾಡುವವಳು, ಇವನನ್ನು ಅಣ್ಣ ಎನ್ನುವವಳು. ಅವಳ ಗಂಡ ಯಾರು, ಎಲ್ಲಿ ಎಂದು ಇವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮಗು ಹುಟ್ಟಿ ಸ್ವಲ್ಪ ದಿನಕ್ಕೆ ಅವಳಿಗೊಂದು ಬಿಡದ ಜ್ವರ ಹಿಡಿಯಿತು. ಒಂದು ಬೆಳಗ್ಗೆ ಜಿಪ್ ಸುರುಳಿಗಳಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಮಗುವನ್ನು ಮಲಗಿಸಿ, "ಆಸ್ಪತ್ರೆಗೆ ಹೋಗಿ ಬರ್ತೀನಿ ಅಣ್ಣ, ಸ್ವಲ್ಪ ನೋಡ್ಕೊಂಡಿರು," ಎಂದು ಹೋದಳು. ಬರಲಿಲ್ಲ. ಯಾವ ಜ್ವರ ಎಂದು ಕೇಳಲು ಹೋದವನಿಗೆ "ಜ್ವರ" ಎಂದಷ್ಟೇ ಹೇಳಿದರು. ಬಡವರಿಗೆ ಬರುವ ಜ್ವರಗಳಿಗೆ ಹೆಸರಿಡುವ ಆತುರ ಆಗ ಯಾರಿಗೂ ಇರಲಿಲ್ಲ. ಈಗಲೂ ಬಹಳ ಕಡೆ ಇಲ್ಲ.

ಸ್ವಲ್ಪ ನೋಡಿಕೊಂಡಿರು ಎಂದಿದ್ದಳು. ಅವನು ನೋಡಿಕೊಂಡೇ ಇದ್ದ. ಶಾಲೆಯಲ್ಲಿ ಅಪ್ಪನ ಹೆಸರು ಕೇಳಿದರು, ತನ್ನದು ಹೇಳಿದ. ಮಗು ಅಮ್ಮ ಎಲ್ಲಿ ಎಂದು ಕೇಳಿತು, ಅವಳು ನನ್ನ ಹೆಂಡತಿ, ಜ್ವರ ಬಂದು ತೀರಿಹೋದಳು ಎಂದ. ಹಾಡು, ನೇರ ಹೊಲಿಗೆ, ಮೂಗು, ಜ್ವರ, ಅವನು ಮಗಳಿಗೆ ಹೇಳಿದ್ದರಲ್ಲಿ ಸುಳ್ಳು ಒಂದೇ ಒಂದು ಪದ. ಆ ಒಂದು ಪದವನ್ನು ಈಗ ಬೋರ್ಡು ಎಳೆದು ಹೊರಹಾಕಲಿತ್ತು.

ಬೋರ್ಡು ಬರೆಸಿದವರ ಜೊತೆ ನನಗೊಂದು ಜಗಳ ಇದೆ, ಇಲ್ಲೇ ಆಡಿಬಿಡುತ್ತೇನೆ. ಜೀನ್ ಎಂಬುದಕ್ಕೆ ನಮ್ಮ ಪುಸ್ತಕಗಳಲ್ಲಿ ವಂಶವಾಹಿ ಎಂಬ ಪದ. ಹೆತ್ತವರಿಂದ ಬಂದದ್ದನ್ನು ಹೊತ್ತು ತರುತ್ತದೆ, ಆದ್ದರಿಂದ ಹಾಗೆ. ಪುಸ್ತಕದಲ್ಲಿ ಏನೂ ತಪ್ಪಿಲ್ಲ. ಆದರೆ ಆ ಕೋಣೆಯಲ್ಲಿ ನಡೆಯುವುದು ಬೇರೆಯೇ ಕೆಲಸ. ಯಾರಿಂದ ಬಂದಿರಿ ಎಂದು ಅಲ್ಲಿ ಯಾರೂ ನೋಡುವುದಿಲ್ಲ. ನಿಮ್ಮ ರಕ್ತದ ಕಣಗಳು ಇವತ್ತು ಬೆಳಗ್ಗೆ ಏನು ಮಾಡುತ್ತಿವೆ, ಯಾವ ವೈರಿಯ ಜೊತೆ ಗುದ್ದಾಡುತ್ತಿವೆ ಎಂದು ನೋಡುತ್ತಾರೆ. ಅಂಥ ಕೋಣೆಗೆ ವಂಶದ ಹೆಸರು ಬರೆಸಿ ನೇತುಹಾಕಿ, ಜನ ಬರುವುದಿಲ್ಲ, ಅಜ್ಞಾನ ಎಂದು ಸಭೆಗಳಲ್ಲಿ ಗೋಳಾಡಿದರೆ? ಈ ನೆಲದಲ್ಲಿ ವಂಶ ಎಂಬ ಪದ ಕೇಳಿದರೆ ಎಷ್ಟು ಹೆಣ್ಣುಗಳ ಎದೆ ಧಸಕ್ಕೆನ್ನುತ್ತದೆ, ಎಷ್ಟು ಮಕ್ಕಳು ತಲೆ ತಗ್ಗಿಸುತ್ತವೆ ಎಂಬುದು ಆ ಮಹನೀಯರಿಗೆ ಒಮ್ಮೆಯೂ ನೆನಪಾಗಲಿಲ್ಲವೇ? ಅಜ್ಞಾನ ಬೆಂಚಿನ ಮೇಲಿರಲಿಲ್ಲ, ಬಾಗಿಲ ಮೇಲಿತ್ತು.

ಜಿಪ್ಪಣ್ಣ ತನ್ನ ರಕ್ತ ಕೊಟ್ಟ. ಮಗಳನ್ನು ಕರೆತರುವ ಮಾತು ಬಂದಾಗಲೆಲ್ಲ ಒಂದೊಂದು ನೆಪ. ಅಂಗಡಿಯಲ್ಲಿ ರಜೆ ಕೊಡುವುದಿಲ್ಲ. ಅವಳಿಗೆ ಸೂಜಿ ಕಂಡರೆ ತಲೆ ಸುತ್ತುತ್ತದೆ. ಅವಳು ಗಟ್ಟಿಮುಟ್ಟಾಗಿದ್ದಾಳೆ. ಪಿನ್ನುವಿಗೆ ಈ ವಿಷಯವನ್ನೇ ಹೇಳಲಿಲ್ಲ. ಆದರೆ ಕೆಲಸ ಮಾಡುತ್ತಾ ಮೇಲಿನಿಂದ ಯಾರಾದರೂ ಕೆಮ್ಮಿದರೆ ಇಕ್ಕಳ ಕೆಳಗಿಟ್ಟು, ಅದು ಪಿನ್ನುವಿನ ಕೆಮ್ಮೋ ಏನೋ ಎಂದು ಆಲಿಸುತ್ತಿದ್ದ. ಹೇಳಿದರೆ ಮಗಳು ಕೈಬಿಟ್ಟು ಹೋಗಬಹುದು. ಹೇಳದಿದ್ದರೆ ಕಾಯಿಲೆ ಅವಳಲ್ಲಿ ಸದ್ದಿಲ್ಲದೆ ಏಳಬಹುದು. ಆ ದಿನಗಳಲ್ಲಿ ಅವನ ಕೈಯಿಂದ ಎರಡು ಬ್ಯಾಗಿನ ಹಲ್ಲು ಮುರಿದವು ಎಂದು ಬೀಗದಂಗಡಿಯವನು ನನಗೆ ಹೇಳಿದ. ಅಂಥದ್ದು ಹಿಂದೆ ನಡೆದದ್ದೇ ಇಲ್ಲ.

ಕೊನೆಗೆ ರಕ್ತ ತೆಗೆಯುವಾಕೆಯೇ ಮೆಟ್ಟಿಲ ಕೆಳಗೆ ಬಂದಳು. ಆಕೆಯನ್ನು ರೋಗಿಗಳು ಸೊಳ್ಳೆ ಅಕ್ಕ ಎನ್ನುತ್ತಾರೆ. ಸೂಜಿ ಚುಚ್ಚುವಾಗ ಪ್ರತಿಯೊಬ್ಬರಿಗೂ "ಸೊಳ್ಳೆ ಕಚ್ಚಿದ ಹಾಗೆ, ಅಷ್ಟೇ" ಎನ್ನುವುದರಿಂದ ಬಂದ ಹೆಸರು. ಕೈಯಲ್ಲಿ ಜಿಪ್ ಸಿಕ್ಕಿಕೊಂಡ ಬ್ಯಾಗು ಇತ್ತು. ಅದು ನೆಪವೋ ನಿಜವೋ, ಸಿಕ್ಕಿಕೊಂಡಿದ್ದಂತೂ ಹೌದು.

"ಏನು ಜಿಪ್ಪಣ್ಣ, ಮಗಳನ್ನ ಇನ್ನೂ ಕರ್ಕೊಂಡು ಬಂದಿಲ್ಲ?"

"ಅವಳಿಗೆ ತಲೆ ಸುತ್ತುತ್ತೆ ಅಕ್ಕ, ಸೂಜಿ ಕಂಡ್ರೆ..."

"ಯಾರಿಗೆ?" ಎಂದಿತು ನೆತ್ತಿಯ ಮೇಲಿನಿಂದ ಒಂದು ದನಿ. ಪಿನ್ನು ಊಟದ ಡಬ್ಬಿ ಹಿಡಿದು ಅರ್ಧ ಮೆಟ್ಟಿಲು ಇಳಿದಿದ್ದವಳು ಬಗ್ಗಿ ನೋಡುತ್ತಿದ್ದಳು. "ನನ್ನ ಕಿವಿ ಚುಚ್ಚಿಸೋವಾಗ ತಲೆ ಸುತ್ತಿ ಬಿದ್ದಿದ್ದು ನಾನಲ್ಲ, ನೀನು. ಎಲ್ಲಿಗೆ ಹೋಗಬೇಕಂತೆ ಅಕ್ಕ?"

ಸೊಳ್ಳೆ ಅಕ್ಕ ಹೇಳಿದಳು. ಪಿನ್ನು ಅಪ್ಪನ ಮುಖ ನೋಡಿದಳು. ಅಪ್ಪ ಬ್ಯಾಗಿನ ಮುಖ ನೋಡಿದ.

"ನಾಳೆ ಬರ್ತೀವಿ," ಎಂದಳು ಪಿನ್ನು.

ಮರುದಿನ ಅದೇ ಬೆಂಚು, ಅದೇ ಬೋರ್ಡು. ಪಿನ್ನು ಅದನ್ನು ಗಟ್ಟಿಯಾಗಿ ಓದಿ, "ಇದೇನಪ್ಪ, ರಾಜರ ಕಥೆ ಥರ ಇದೆ," ಎಂದಳು. ಜಿಪ್ಪಣ್ಣ ಅವಳ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಜಿಪ್ಪನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದ.

"ಒಳಗೆ ಹೋಗೋ ಮುಂಚೆ ಒಂದು ಮಾತು ಪಿನ್ನು. ಆ ಮೆಷಿನ್ ಹೇಳೋದಕ್ಕಿಂತ ನಾನೇ ಹೇಳಿಬಿಡ್ತೀನಿ."

"ಏನು?"

"ನಿಮ್ಮಮ್ಮ ನನ್ನ ಹೆಂಡತಿ ಅಲ್ಲ."

ಆ ಮೇಲೆ ಉಳಿದದ್ದನ್ನೆಲ್ಲ ಹೇಳಿದ. ಕಾರ್ಖಾನೆ, ಪಕ್ಕದ ಯಂತ್ರ, ರಟ್ಟಿನ ಪೆಟ್ಟಿಗೆ. ಹೇಳುತ್ತಿದ್ದಷ್ಟು ಹೊತ್ತೂ ಅವನ ಬೆರಳು ಜಿಪ್ ಎಳೆಯುತ್ತಲೇ ಇತ್ತು. ಮುಗಿದಾಗ ಕರ್ಚೀಫಿನಿಂದ ಕಣ್ಣೊರೆಸಿಕೊಂಡ. ಬಿಳಿ ಕರ್ಚೀಫಿನ ಮೇಲೆ ತೆಳು ಕಿತ್ತಳೆ ಕಲೆ ಬಿತ್ತು.

ಪಿನ್ನು ಆ ಕಲೆಯನ್ನೇ ನೋಡುತ್ತಾ ಕೇಳಿದಳು. "ಅವಳು ಹಾಡ್ತಿದ್ದಿದ್ದು?"

"ನಿಜ."

"ಕೆಟ್ಟದಾಗಿ?"

"ಬಹಳ ಕೆಟ್ಟದಾಗಿ. ಅದೆಲ್ಲ ನಿಜ ಕಣೇ. ಅದೊಂದು ಬಿಟ್ಟು ಎಲ್ಲ ನಿಜ. ನನ್ನನ್ನ ಅಣ್ಣ ಅಂತಿದ್ಲು. ಅಂಥವಳನ್ನ ಹೆಂಡತಿ ಅಂದುಬಿಟ್ಟೆ. ಅದಕ್ಕೆ ಅವಳ ಹತ್ರ ಮನಸ್ಸಲ್ಲೇ ಎಷ್ಟು ಸಲ ತಪ್ಪಾಯ್ತು ಅಂದಿದೀನೋ."

ಪಿನ್ನು ಎದ್ದು ನಿಂತಳು. "ಅಮ್ಮನಿಗೆ ಅಣ್ಣ ಅಂದ್ರೆ, ನನಗೆ ನೀನು ಮಾವ."

"ಪಿನ್ನೂ..."

"ಸಂಬಂಧ ಸರಿಯಾಗಿ ಹೇಳಬೇಕಲ್ವಾ? ಬಾ ಮಾವ, ಕರೀತಿದಾರೆ."

ಒಳಗೆ ಸೊಳ್ಳೆ ಅಕ್ಕ ಪಿನ್ನುವಿನ ತೋಳಿಗೆ ಪಟ್ಟಿ ಬಿಗಿದು, ತನ್ನ ಮಂತ್ರ ಹೇಳಿ, ರಕ್ತ ತೆಗೆದಳು. ಮಾಮೂಲಿ ಸೀಸೆಯಲ್ಲ ಅದು. ತಳದಲ್ಲಿ ಮೊದಲೇ ಒಂದಿಷ್ಟು ದ್ರವ ಇತ್ತು. ರಕ್ತ ಬಿದ್ದ ಮೇಲೆ ಅಲುಗಾಡಿಸದೆ, ಮೆಲ್ಲಗೆ ತಲೆಕೆಳಗು ಮಾಡಿ ಮತ್ತೆ ನೆಟ್ಟಗೆ ಮಾಡಿದಳು, ಮತ್ತೆ ಮತ್ತೆ, ನಿದ್ದೆ ಹೋದ ಮಗುವಿನ ಮಗ್ಗುಲು ಬದಲಿಸಿದ ಹಾಗೆ.

"ಇದರಲ್ಲಿ ಗೊತ್ತಾಗಿಬಿಡುತ್ತಾ ಅಕ್ಕ?" ಎಂದ ಬಾಗಿಲಲ್ಲಿ ನಿಂತ ಜಿಪ್ಪಣ್ಣ. "ನಾವು... ನಾವು ಅಪ್ಪ ಮಗಳು ಹೌದೋ ಅಲ್ಲವೋ ಅಂತ?"

ಸೊಳ್ಳೆ ಅಕ್ಕ ಕೈ ನಿಲ್ಲಿಸಲಿಲ್ಲ. ಇಬ್ಬರ ಮುಖವನ್ನೂ ಒಮ್ಮೆ ನೋಡಿದಳು. ಇಂಥ ಪ್ರಶ್ನೆ ಆಕೆಗೆ ಹೊಸದಾಗಿರಲಿಲ್ಲ, ಇಷ್ಟು ನೇರವಾಗಿ ಕೇಳಿದವರು ಹೊಸಬರು.

"ನಿಮ್ಮ ಭಾಷೇಲೇ ಹೇಳ್ತೀನಿ ಕೇಳಿ. ನಿಮ್ಮ ಹತ್ರ ರಾಶಿ ಬ್ಯಾಗು ಬಂದಿದೆ ಅಂದುಕೊಳ್ಳಿ. ಒಂದೊಂದು ಬ್ಯಾಗಿಗೂ ಬೇಕಾದಷ್ಟು ಜಿಪ್ಪು. ಯಾವ ಕಂಪನಿ, ಯಾರು ಹೊಲಿದಿದ್ದು, ಅದು ನಮಗೆ ಬೇಡ. ಈ ಹೊತ್ತಿಗೆ ಯಾವ ಜಿಪ್ ತೆರೆದಿದೆ, ಯಾವುದು ಮುಚ್ಚಿದೆ, ಅಷ್ಟೇ ನೋಡೋದು. ಮೈಯೊಳಗೆ ಕ್ರಿಮಿ ಕಾಟ ಶುರುವಾದ್ರೆ ರಕ್ತದ ಕಣಗಳು ಕೆಲವು ಜಿಪ್ ಸರಕ್ಕಂತ ತೆರೆದು ಒಳಗಿಂದ ಆಯುಧ ತೆಗೀತವೆ. ಒಂದೊಂದು ಕಾಯಿಲೆಗೆ ಒಂದೊಂದು ಥರ ತೆರೀತವೆ. ಈ ದ್ರವ ಯಾಕೆ ಅಂದ್ರೆ, ತೆರೆದಿದ್ದು ತೆರೆದ ಹಾಗೆ, ಮುಚ್ಚಿದ್ದು ಮುಚ್ಚಿದ ಹಾಗೆ ನಿಂತುಬಿಡಲಿ ಅಂತ. ಇಲ್ಲಾಂದ್ರೆ ಸೀಸೆಯೊಳಗೇ ರಕ್ತ ಗಾಬರಿಬಿದ್ದು ಇನ್ನೇನೇನೋ ತೆರೆದು ಕೂರುತ್ತೆ."

"ಅಂದ್ರೆ ಯಾರು ಯಾರಿಗೆ ಹುಟ್ಟಿದ್ದು ಅಂತ ನೋಡಲ್ವಾ?"

"ಅದನ್ನ ಕಟ್ಟಿಕೊಂಡು ನಮಗೇನಾಗಬೇಕು?"

ಜಿಪ್ಪಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಹಾಗಾದ್ರೆ ನಾನು ಸುಮ್ಮಸುಮ್ಮನೆ ಹೇಳಿಬಿಟ್ನಾ?"

ಅಲ್ಲಿಯ ತನಕ ಬಿಗಿದಿಟ್ಟುಕೊಂಡಿದ್ದ ಪಿನ್ನು ಆಗ ಸಿಡಿದಳು. "ಸುಮ್ಮಸುಮ್ಮನೆ! ಆ ಬೋರ್ಡ್ ಇಲ್ಲದಿದ್ರೆ ಸಾಯೋ ತನಕ ಹೇಳ್ತಿರಲಿಲ್ಲ ಅಲ್ವಾ? ನನಗೆ ಅಂತ ಹೇಳಲಿಲ್ಲ. ಬೋರ್ಡಿಗೆ ಹೆದರಿ ಹೇಳಿದೆ." ತೋಳಿನ ಹತ್ತಿಯನ್ನು ಒತ್ತಿಕೊಂಡು, ಅವನನ್ನು ದಾಟಿ, ಓಣಿಯುದ್ದಕ್ಕೂ ನಡೆದು ಹೋದಳು.

ಮನೆ ಬಿಟ್ಟು ಹೋಗಲಿಲ್ಲ. ಹೋಗಿದ್ದರೆ ವಾಸಿಯಿತ್ತೇನೋ ಎಂದು ಜಿಪ್ಪಣ್ಣನಿಗೆ ಅನಿಸುವಷ್ಟು ಮರ್ಯಾದೆಯಿಂದ ನಡೆದುಕೊಂಡಳು. "ಊಟಕ್ಕಿಟ್ಟಿದೀನಿ ಮಾವ." "ಗುಳಿಗೆ ತಗೊಂಡ್ರಾ ಮಾವ?" ನೀನು ಎನ್ನುತ್ತಿದ್ದವಳು ನೀವು ಎನ್ನತೊಡಗಿದಳು. ಬೈದರೆ ತಡೆದುಕೊಳ್ಳುತ್ತಿದ್ದನೇನೋ, ಈ ಬಹುವಚನ ತಡೆಯಲಾಗಲಿಲ್ಲ. ಬೆಳಗ್ಗೆ ಅವಳು ಕಟ್ಟಡದ ಹಿಂದಿನ ಮೆಟ್ಟಿಲು ಹತ್ತಿ ಹೋಗುತ್ತಿದ್ದಳು. ನೆತ್ತಿಯ ಮೇಲೆ ಊರವರ ಚಪ್ಪಲಿಗಳೆಲ್ಲ ಸದ್ದು ಮಾಡಿದವು, ಆ ಒಂದು ಟಕ್ ಟಕ್ ಬರಲಿಲ್ಲ. ಆದರೂ ಅವನು ಇಕ್ಕಳದಲ್ಲಿ ಒಮ್ಮೆ ಕಾಂಕ್ರೀಟಿಗೆ ಬಡಿದೇ ಕೆಲಸ ಶುರು ಮಾಡುತ್ತಿದ್ದ.

"ಏನೋ ಅದು, ಸುಮ್ನೆ ಬಡೀತಿಯ?" ಎಂದ ಬೀಗದಂಗಡಿಯವನು.

"ಲೈನ್ ಸರಿಯಿದ್ಯಾ ಅಂತ ನೋಡ್ತಿದೀನಿ."

ನಡುವೆ ಒಂದು ಸಂಜೆ ಅವಳು ಅಲ್ಲಿಯವರೆಗೆ ಕೇಳದಿದ್ದ ಪ್ರಶ್ನೆಯೊಂದನ್ನು ಕೇಳಿದಳಂತೆ. ಗೋಡೆ ಕಡೆ ಮುಖ ಮಾಡಿ ಬಟ್ಟೆ ಮಡಚುತ್ತಾ, "ನನ್ನನ್ನ ಯಾರಿಗಾದ್ರೂ ಕೊಟ್ಟುಬಿಡೋಣ ಅಂತ ಅನಿಸಲಿಲ್ವಾ?" ಎಂದು. ಜಿಪ್ಪಣ್ಣ ಉತ್ತರ ಕೊಟ್ಟ: "ನಿಮ್ಮಮ್ಮ ವಾಪಸ್ ಬಂದು ಕೇಳಿದ್ರೆ ಏನು ಹೇಳೋದು ಅಂತ ಇತ್ತು. ಆಮೇಲೆ, ವಾಪಸ್ ಬಂದುಬಿಟ್ರೆ ಏನು ಗತಿ ಅಂತ ಹೆದರಿಕೆ ಆಯ್ತು." ಪಿನ್ನು ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ಅಂದು ಮಾವ ಎನ್ನಲಿಲ್ಲ. ಅಪ್ಪ ಎಂದೂ ಅನ್ನಲಿಲ್ಲ.

ಆಸ್ಪತ್ರೆಯಿಂದ ಕರೆ ಬಂತು. ಇಬ್ಬರೂ ಹೋದರು, ಬೆಂಚಿನ ಎರಡು ತುದಿಯಲ್ಲಿ ಕೂತರು. ಪಿನ್ನುವಿನ ಎದೆಯ ಚಿತ್ರ ತೆಗೆಸಿದರು, ಶುಭ್ರವಾಗಿತ್ತು. ಕೆಮ್ಮಿಲ್ಲ, ಜ್ವರವಿಲ್ಲ, ತೂಕ ಇಳಿದಿಲ್ಲ. 'ಆದರೆ' ಎಂದರು ಡಾಕ್ಟರು. ರಕ್ತದಲ್ಲಿ ಕಂಡದ್ದನ್ನು ಹೇಳುವ ಕೆಲಸವನ್ನು, ಜಾಣೆ, ಸೊಳ್ಳೆ ಅಕ್ಕನಿಗೇ ಬಿಟ್ಟರು.

"ಕೆಲವು ಜಿಪ್ ತೆರೆದಿವೆ ಪುಟ್ಟಿ. ಕ್ರಿಮಿ ಸುಮ್ನೆ ಮಲಗಿದ್ರೆ ಇಷ್ಟು ತೆರೆಯಲ್ಲ. ಅದು ಒಳಗೆ ಮಿಸುಕಾಡೋ ಹಾಗಿದೆ, ನಿನ್ನ ರಕ್ತಕ್ಕೆ ನಿನಗಿಂತ ಮೊದಲೇ ಗೊತ್ತಾಗಿದೆ. ಈ ಪರೀಕ್ಷೆ ಇನ್ನೂ ಹೊಸದು, ನಾವೂ ಕಲೀತಾ ಇದೀವಿ, ಇದೇ ಕೊನೇ ಮಾತು ಅನ್ನಲ್ಲ. ಆದ್ರೆ ಕಾಯ್ತಾ ಕೂರೋದು ಬೇಡ. ಕಾಯಿಲೆ ಆಗೋ ಮೊದಲೇ ತಡೆಯೋ ಗುಳಿಗೆ ಶುರು ಮಾಡೋಣ."

"ನನ್ನಿಂದಲೇ ಬಂದಿದ್ದಾ?" ಎಂದ ಜಿಪ್ಪಣ್ಣ.

"ಇದ್ದೀರಲ್ಲ ಒಂದೇ ಕೋಣೇಲಿ. ಒಂದೇ ಗಾಳಿ. ಇನ್ನೆಲ್ಲಿಂದ ಬರಬೇಕು?"

ಅವನ ಕುತ್ತಿಗೆ ಬಾಗಿತು. ಮೆಟ್ಟಿಲ ಕೆಳಗಿನ ಮೂಲೆ ಎಷ್ಟು ಬಗ್ಗಿಸಿತ್ತೋ ಅದಕ್ಕಿಂತ ಕೆಳಗೆ. "ನನ್ನಿಂದ ಅವಳಿಗೆ ಅಂತ ಹೋಗಿದ್ದು," ಎಂದ, "ಕೊನೆಗೆ ಇದೊಂದೇನಾ ಅಕ್ಕ?"

ಡಾಕ್ಟರು ಕಿಟಕಿ ನೋಡಿದರು. ಆಗ ಪಿನ್ನು ಅವನ ಮುಖವನ್ನೇ ದಿಟ್ಟಿಸಿ ನೋಡಿ ಹೇಳಿದಳು:

"ಸದ್ಯ. ಮೂಗು ಕೊಟ್ಟಿದ್ರೆ ಅದಕ್ಕೆ ಗುಳಿಗೆ ಕೂಡ ಇರ್ತಿರಲಿಲ್ಲ."

ಸೊಳ್ಳೆ ಅಕ್ಕ ಸೀಸೆ ಕೆಳಗಿಟ್ಟು ನಕ್ಕಳು. ಜಿಪ್ಪಣ್ಣ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದ, ಕರ್ಚೀಫು ಮತ್ತೆ ಕಲೆಯಾಯಿತು. ಪಿನ್ನು ಅದನ್ನು ಕೈಯಿಂದ ಕಿತ್ತುಕೊಂಡು, "ಒಗೆದ್ರೆ ಹೋಗಲ್ಲ ಇದು," ಎಂದು ಗೊಣಗಿ, ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ನೀನು ಎನ್ನಲಿಲ್ಲ, ನೀವು ಎನ್ನಲಿಲ್ಲ. ಆದರೆ ಹೊರಗೆ ಗುಳಿಗೆಗೆ ಕಾದು ವಾಪಸು ಹೊರಟಾಗ ಇಬ್ಬರೂ ಬೆಂಚಿನ ಒಂದೇ ತುದಿಯಿಂದ ಎದ್ದು ಬಂದರು.

ಬೋರ್ಡು ಇನ್ನೂ ಅಲ್ಲೇ ಇದೆ. ಬದಲಿಸಿ ಎಂದು ಕೇಳಲು ಹೋದ ನನಗೆ ಅಧಿಕಾರಿಯೊಬ್ಬರು ಅದು ಸರಿಯಾದ ಪಾರಿಭಾಷಿಕ ಪದ ಎಂದು ಪಾಠ ಮಾಡಿದರು. ಸರಿಯಾಗಿದೆ ಸ್ವಾಮಿ. ಪದ ಸರಿಯಾಗಿದೆ, ಬಾಗಿಲು ತಪ್ಪಾಗಿದೆ. ನೀವು ಬದಲಿಸಲಿ ಎಂದು ಜಿಪ್ಪಣ್ಣ ಕಾಯುತ್ತಾ ಕೂತಿಲ್ಲ. ಒಂದು ಮೊಳ ಉದ್ದದ ಜಿಪ್ಪಿನ ಪಟ್ಟಿ ಕತ್ತರಿಸಿ, ರನ್ನರ್ ಹಾಕಿ, ಮೇಣ ಉಜ್ಜಿ ಸೊಳ್ಳೆ ಅಕ್ಕನಿಗೆ ಕೊಟ್ಟಿದ್ದಾನೆ. ಅದು ಬಾಗಿಲ ಚಿಲಕಕ್ಕೆ ನೇತಾಡುತ್ತಿದೆ. ಬೆಂಚಿನ ಮೇಲೆ ಯಾರಾದರೂ ಬೋರ್ಡು ಓದಿ ಎದ್ದು ಹೊರಟರೆ ಆಕೆ ಹೊರಬಂದು ಸರಕ್ಕೆಂದು ಅದನ್ನು ಎಳೆದು ತೋರಿಸುತ್ತಾಳೆ. ಆ ಬಸ್ಸಿನ ಮುದುಕರೂ ರಕ್ತ ಕೊಟ್ಟರಂತೆ. ಚಟದ ವಿಷಯ ಯಾರೂ ಕೇಳಲಿಲ್ಲ ಎಂದು ಸ್ವಲ್ಪ ಬೇಸರದಲ್ಲೇ ಹೋದರಂತೆ.

ಇನ್ನೊಂದು ಬೆಳಗ್ಗೆಯ ಸಂಗತಿ ಹೇಳಿ ಮುಗಿಸುತ್ತೇನೆ. ಇದನ್ನು ಹೇಳಿದವಳು ಪಿನ್ನು, ಬರೆಯಿರಿ ಎಂದವಳೂ ಅವಳೇ. "ಹೆಸರು ಹಾಕಬೇಡಿ, ಚಪ್ಪಲಿ ಅಂಗಡಿಯ ಯಜಮಾನರು ಓದ್ತಾರೆ," ಎಂದಷ್ಟೇ ಷರತ್ತು.

ಅವಳು ಗುಳಿಗೆ ಶುರುಮಾಡಿದ ಮರುದಿನ. ಜಿಪ್ಪಣ್ಣ ವಠಾರದ ನಲ್ಲಿಯ ಹತ್ತಿರ ಬಾಯಿ ತುಂಬ ಪೇಸ್ಟಿನ ನೊರೆ ತುಂಬಿಕೊಂಡು ನಿಂತಿದ್ದ. ಬಚ್ಚಲಿನ ಒಳಗಿಂದ ಒಂದು ಕೂಗು ಬಂತು, ವಠಾರದ ಕಿಟಕಿಗಳೆಲ್ಲ ತೆರೆದುಕೊಳ್ಳುವಂಥದ್ದು.

"ಅಪ್ಪಾ! ಬಾ ಇಲ್ಲಿ! ಬೇಡ, ಬರಬೇಡ, ಅಲ್ಲೇ ನಿಂತು ಕೇಳು! ನನಗೂ ಕಿತ್ತಳೆ! ನಿನ್ನ ಥರಾನೇ!"

ಜಿಪ್ಪಣ್ಣ ಬ್ರಶ್ಶು ಹಿಡಿದ ಕೈಯನ್ನು ಗಾಳಿಯಲ್ಲೇ ಬಿಟ್ಟು ನಿಂತ. ನಲ್ಲಿ ಸುರಿಯುತ್ತಲೇ ಇತ್ತು. ಮಹಡಿಯಿಂದ ಯಜಮಾನ ನೀರು ಪೋಲು ಎಂದು ಕಿರುಚಿದ್ದೂ ಅವನಿಗೆ ಕೇಳಲಿಲ್ಲ.

"ಕೇಳಿಸ್ತಾ?"

"ಏನಂದೆ?" ಎಂದ ಅವನು, ನೊರೆಯ ನಡುವಿನಿಂದ. "ಮೊದಲು ಏನಂದೆ, ಅದನ್ನ ಇನ್ನೊಂದು ಸಲ ಹೇಳು."

"ಕಿವೀನೂ ಸೋತಿದ್ಯಾ, ರನ್ನರ್ ಥರ? ಕಿತ್ತಳೆ ಅಂದೆ."

"ಅದಲ್ಲ. ಅದಕ್ಕಿಂತ ಮೊದಲು."

ಬಾಗಿಲ ಹಲಗೆಗೆ ಒಳಗಿನಿಂದ ಪಿನ್ನು ಬೆರಳ ಗಂಟಿನಲ್ಲಿ ಟಕ್ ಟಕ್ ಎಂದು ಬಡಿದಳು. ಜಿಪ್ಪಣ್ಣ ಬ್ರಶ್ಶಿನ ಹಿಂಬದಿಯಿಂದ ನಲ್ಲಿಗೆ ಒಮ್ಮೆ ಟಕ್ ಎಂದು ಬಡಿದ.